ಗಾಳಿಯ ಶಟರ್, ಗಡಿಯಾರದ ಶಟರ್

ಮರದ ದೊಡ್ಡ ಕ್ಯಾಮೆರಾದ ಹುಚ್ಚು ನಮ್ಮ ಬಳಗದಲ್ಲಿ ನನಗೊಬ್ಬನಿಗೇ ಅಲ್ಲವೆಂದು ಯುಗಾದಿ ಊಟದ ದಿನ ತಿಳಿಯಿತು. ಇಲ್ಲಿ ಮ್ಯೂನಿಕ್‌ನಲ್ಲಿ ಹಳೇ ಸಾಮಾನಿನ ಸಂತೆಗೆ ಹೋಗಿ ಲೆನ್ಸು ಕೊಳ್ಳುವವರಿಗಾಗಿ ಈ ನಾಲ್ಕು ಮಾತು.

ಮೊದಮೊದಲು ಶಟರ್ ಎಂಬುದೇ ಇರಲಿಲ್ಲ. ಲೆನ್ಸಿನ ಮುಚ್ಚಳ ತೆಗೆದು, ಬಾಯಲ್ಲಿ ಎಣಿಸಿ, ಮತ್ತೆ ಮುಚ್ಚುತ್ತಿದ್ದರು. ಗಾಜಿನ ಫಲಕಗಳು ಚುರುಕಾದ ಮೇಲೆ ಕೈಯ ವೇಗ ಸಾಲದಾಯಿತು. 20ನೇ ಶತಮಾನದ ಆರಂಭದಲ್ಲಿ ಇದೇ ಮ್ಯೂನಿಕ್‌ನ ಕ್ರಿಸ್ಟಿಯನ್ ಬ್ರೂನ್ಸ್ ಮತ್ತು ಫ್ರೀಡ್ರಿಖ್ ಡೆಕೆಲ್ 'ಕಾಂಪೌಂಡ್' ಶಟರ್ ತಂದರು. ಅದರ ನೆತ್ತಿಯ ಮೇಲೆ ಪುಟ್ಟ ಹಿತ್ತಾಳೆ ಸಿಲಿಂಡರು. ಒಳಗಿನ ಪಿಸ್ಟನ್ನಿಗೆ ಗಾಳಿಯೇ ತಡೆ. 1912ರ ಸುಮಾರಿಗೆ ಗಾಳಿಯ ಬದಲು ಹಲ್ಲುಚಕ್ರಗಳಿದ್ದ 'ಕಾಂಪೂರ್' ಬಂತು. ಕಾಂಪೌಂಡ್‌ಗೆ 'ಊರ್' ಸೇರಿಸಿದ ಹೆಸರು. ಜರ್ಮನ್‌ನಲ್ಲಿ ಊರ್ ಎಂದರೆ ಗಡಿಯಾರ. (ನಮ್ಮ ಊರಿಗೂ ಅದಕ್ಕೂ ನಂಟಿಲ್ಲ!)

ಈ ಭೇದ ತಿಳಿಯದೆ ನಾನು ಕೆಟ್ಟೆ. ಅಮ್ಮ ಹಾಸನದಿಂದ ಬಂದಿದ್ದಾಗ ಕಾಂಪೌಂಡ್ ಇದ್ದ ಲೆನ್ಸೊಂದನ್ನು ಕೊಂಡೆ. ವ್ಯಾಪಾರಿ 1/100ರಲ್ಲಿ ಒತ್ತಿ ತೋರಿಸಿದ, ಚಟ್ಟೆಂದಿತು, ದುಡ್ಡು ಎಣಿಸಿದೆ. ಮನೆಯಲ್ಲಿ ಅರ್ಧ ಸೆಕೆಂಡಿಗಿಟ್ಟು ಅಮ್ಮನ ಚಿತ್ರ ತೆಗೆದರೆ ಶಟರ್ ತೆರೆದುಕೊಂಡೇ ಕೂತಿತು! "ಆಯ್ತೇನೋ?" ಅಂತ ಅಮ್ಮ ಕತ್ತೆತ್ತಿದರು, ಆಮೇಲೆ ಮುಚ್ಚಿತು. ಯಾರೋ ಸಿಲಿಂಡರಿಗೆ ಎಣ್ಣೆ ಬಿಟ್ಟಿದ್ದರು. ಅದು ಒಣಗಿಯೇ ಇರಬೇಕು. ರಿಪೇರಿಯಾಗುವ ಹೊತ್ತಿಗೆ ಅಮ್ಮ ಊರಿಗೆ ಹೊರಟುಹೋಗಿದ್ದರು.

ಆದ್ದರಿಂದ ಮೇಲಿನ ವೇಗಕ್ಕೆ ಮರುಳಾಗಬೇಡಿ. ದೊಡ್ಡ ಕ್ಯಾಮೆರಾದಲ್ಲಿ ನಾವು ಎಫ್ 22ರಲ್ಲಿ ಕೆಲಸ ಮಾಡುವವರು, ನಮಗೆ ಬೇಕಾದದ್ದು ನಿಧಾನದ ವೇಗಗಳೇ. ಒಂದು ಸೆಕೆಂಡಿಗಿಟ್ಟು ಕೈಗಡಿಯಾರ ನೋಡಿ, ಹತ್ತು ಸಲ ಒತ್ತಿ. ಕಾಂಪೂರ್ ಆದರೆ ಚಕ್ರಗಳ ಸದ್ದು ಒಂದೇ ಸಮನೆ ಓಡಬೇಕು. ನಡುವೆ ತೊದಲಿದರೆ ಒಳಗಿನ ಗ್ರೀಸು ಗಟ್ಟಿಯಾಗಿದೆಯೆಂದು ತಿಳಿಯಿರಿ. ಮೊದಲ ಒತ್ತು ತಡವಾಗಿ, ಆಮೇಲಿನವು ಸರಿಯಾಗಿ ಬಂದರೂ ಅನುಮಾನ ಪಡಿ, ನಮ್ಮ ಚಿತ್ರ ಬೀಳುವುದು ಆ ಮೊದಲ ಒತ್ತಿಗೇ ಅಲ್ಲವೇ? ಪ್ರತಿ ಸಲವೂ ಅಷ್ಟೇ ನಿಧಾನವಾದರೆ ಪರವಾಗಿಲ್ಲ, ಚೀಟಿಯಲ್ಲಿ ಬರೆದಿಟ್ಟುಕೊಂಡು ಲೆಕ್ಕ ಹಾಕಬಹುದು. ಸಲಕ್ಕೊಂದು ಥರವಾದರೆ ಕೊಳ್ಳಬೇಡಿ, ಇಲ್ಲವೇ ರಿಪೇರಿ ಖರ್ಚು ಕಳೆದು ಬೆಲೆ ಕೇಳಿ. ಬೆಳಕಿಗೆ ಹಿಡಿದಾಗ ಅಲಗುಗಳ ಮೇಲೆ ಎಣ್ಣೆಯ ಹೊಳಪು ಕಾಣಬಾರದು.

ಒಂದು ಎಚ್ಚರಿಕೆ: ಹಳೆಯ ಕಾಂಪೂರಿನಲ್ಲಿ ಅತಿ ಮೇಲಿನ ವೇಗವನ್ನು ಸನ್ನೆ ಎಳೆಯುವ ಮೊದಲೇ ಇಡಬೇಕು. ಎಳೆದ ಮೇಲೆ ಬಲವಂತ ಮಾಡಿದರೆ ಒಳಗೆ ಮುರಿದೀತು, ವ್ಯಾಪಾರಿಯ ಕೈಲಿ ಬೈಸಿಕೊಳ್ಳುವುದೂ ನೀವೇ.