ಹೃದಯದ ಎಕೋ ಪರೀಕ್ಷೆ ಮತ್ತು ಇ.ಎಫ್. ಪ್ರಮಾಣ: ಸಾರ್ವಜನಿಕರಿಗೆ ಮಾಹಿತಿ

ಹೃದಯವು ರಕ್ತವನ್ನು ಪಂಪ್ ಮಾಡುವ ಸಾಮರ್ಥ್ಯವನ್ನು ಶ್ರವಣಾತೀತ ಧ್ವನಿತರಂಗಗಳ ಮೂಲಕ ಅಳೆಯುವ ವಿಧಾನವೇ ಎಕೋಕಾರ್ಡಿಯೋಗ್ರಫಿ. ಇದರಲ್ಲಿ ಎಕ್ಸ್-ರೇ ವಿಕಿರಣವನ್ನು ಬಳಸುವುದಿಲ್ಲ.

ಪರೀಕ್ಷಾ ವಿಧಾನ:
ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಗೆ ಜೆಲ್ ಲೇಪಿಸಿ, ಉಪಕರಣವನ್ನು ಎದೆಯ ಮೇಲೆ ಚಲಿಸಲಾಗುತ್ತದೆ. ಎದೆಯ ಮೇಲಿನಿಂದ ಮಾಡುವ ಸದರಿ ಪರೀಕ್ಷೆಗೆ ಸಾಮಾನ್ಯವಾಗಿ ಉಪವಾಸದ ಅಗತ್ಯವಿರುವುದಿಲ್ಲ.

ಇ.ಎಫ್. ಎಂದರೇನು?
ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದ ಪೈಕಿ ಒಂದು ಬಡಿತಕ್ಕೆ ಹೊರಹೋಗುವ ರಕ್ತದ ಶೇಕಡಾವಾರು ಪ್ರಮಾಣವೇ ಇ.ಎಫ್. ಉದಾಹರಣೆಗೆ, 120 ಮಿ.ಲೀ. ರಕ್ತ ತುಂಬಿ 72 ಮಿ.ಲೀ. ಹೊರಹೋದಲ್ಲಿ ಇ.ಎಫ್. ಶೇ. 60 ಆಗಿರುತ್ತದೆ. ಆರೋಗ್ಯವಂತ ಹೃದಯವೂ ಪೂರ್ಣವಾಗಿ ಖಾಲಿಯಾಗುವುದಿಲ್ಲ. ಆದುದರಿಂದ ಶೇ. 60 ಎಂದರೆ ಹೃದಯದ ಶೇ. 40ರಷ್ಟು ಶಕ್ತಿ ನಷ್ಟವಾಗಿದೆ ಎಂದು ಭಾವಿಸಬಾರದು.

ಸ್ಥೂಲವಾಗಿ ಪ್ರಮಾಣಗಳು ಕೆಳಕಂಡಂತಿವೆ:
1. ಶೇ. 50 ರಿಂದ 70: ಸಾಮಾನ್ಯ
2. ಶೇ. 41 ರಿಂದ 49: ಅಲ್ಪ ಇಳಿಕೆ
3. ಶೇ. 40 ಮತ್ತು ಅದಕ್ಕಿಂತ ಕಡಿಮೆ: ಕುಗ್ಗಿದ ಸಾಮರ್ಥ್ಯ

ಗಮನಿಸಬೇಕಾದ ಅಂಶಗಳು:
1. ಹೃದಯದ ಸ್ನಾಯು ಬಿಗಿಯಾಗಿ ಸರಿಯಾಗಿ ಹಿಗ್ಗದಿದ್ದಲ್ಲಿ, ಇ.ಎಫ್. ಸಾಮಾನ್ಯವಿದ್ದರೂ ಹೃದಯ ವೈಫಲ್ಯ ಇರಬಹುದು. ಏದುಸಿರು, ಕಾಲಿನ ಊತ ಇದ್ದಲ್ಲಿ ಕೇವಲ ಅಂಕಿಯನ್ನು ನಂಬಿ ನಿರ್ಲಕ್ಷಿಸಬಾರದು.
2. ಒಂದು ಪರೀಕ್ಷೆಯಿಂದ ಮತ್ತೊಂದಕ್ಕೆ ಅಳತೆಯಲ್ಲಿ ಸಣ್ಣ ವ್ಯತ್ಯಾಸ ಸಹಜ. ಹೋಲಿಕೆಗಾಗಿ ಹಿಂದಿನ ವರದಿಗಳನ್ನು ತಪ್ಪದೇ ತರತಕ್ಕದ್ದು.
3. ಚಿಕಿತ್ಸೆಯಿಂದ ಇ.ಎಫ್. ಸುಧಾರಿಸಿದ ನಂತರವೂ ವೈದ್ಯರ ಸಲಹೆಯಿಲ್ಲದೆ ಔಷಧಿಗಳನ್ನು ನಿಲ್ಲಿಸಬಾರದು; ನಿಲ್ಲಿಸಿದಲ್ಲಿ ಹೃದಯದ ಸಾಮರ್ಥ್ಯ ಮತ್ತೆ ಕುಗ್ಗುವ ಸಂಭವವಿರುತ್ತದೆ.