ಬಹುಮತವನ್ನು ಎಲ್ಲಿ ಎಣಿಸಬೇಕು: ಕಾರಡಗಿಯ ಬೊಮ್ಮಾಯಿ ಮತ್ತು ವಿಶ್ವಾಸಮತದ ಚರಿತ್ರೆ

ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು ಎಂಬ ಕಟ್ಟಳೆ ಭಾರತದಲ್ಲಿ ಖಚಿತವಾಗಿ ನೆಲೆಗೊಂಡದ್ದು 1994ರ ಮಾರ್ಚ್ 11ರಂದು. ಅಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟ ಮೊಕದ್ದಮೆಗೆ ‘ಎಸ್.ಆರ್. ಬೊಮ್ಮಾಯಿ ವಿರುದ್ಧ ಭಾರತ ಒಕ್ಕೂಟ’ ಎಂದು ಹೆಸರು. ದೇಶದ ಕಾನೂನು ಕಾಲೇಜುಗಳಲ್ಲೆಲ್ಲ ಓದುವ ಈ ಮೊಕದ್ದಮೆಯ ಅರ್ಜಿದಾರರು ಸೋಮಪ್ಪ ರಾಯಪ್ಪ ಬೊಮ್ಮಾಯಿ. ಅವರು ಹುಟ್ಟಿದ್ದು ಇಂದಿನ ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಕಾರಡಗಿಯಲ್ಲಿ, 1924ರ ಜೂನ್ 6ರಂದು.

ಆಗ ಈ ಸೀಮೆಯ ನಕ್ಷೆಯೇ ಬೇರೆ. ಸುತ್ತಲೂ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ನಡುವೆ ಸುಮಾರು 70 ಚದರ ಮೈಲಿಯ ಸವಣೂರು ಸಂಸ್ಥಾನ. ದೊಡ್ಡಹುಣಸೆ ಮರಗಳಿಗೂ ವೀಳ್ಯದೆಲೆಗೂ ಹೆಸರಾದ ಈ ಊರು ನವಾಬರ ಕೈಯಿಂದ ಮುಂಬಯಿ ರಾಜ್ಯಕ್ಕೆ ಸೇರಿದ್ದು 1948ರಲ್ಲಿ. ಎಂಟು ವರ್ಷದ ನಂತರ, 1956ರಲ್ಲಿ, ಅದು ವಿಶಾಲ ಮೈಸೂರು ರಾಜ್ಯಕ್ಕೆ ಬಂತು. ಹಾವೇರಿ ಪ್ರತ್ಯೇಕ ಜಿಲ್ಲೆಯಾಗಲು 1997ರ ವರೆಗೆ ಕಾಯಬೇಕಾಯಿತು. ಒಂದೇ ಮನೆಯ ಮೂರು ತಲೆಮಾರು ಊರು ಬಿಡದೆ ಮೂರು ಆಡಳಿತಗಳನ್ನು ಕಂಡ ಸೀಮೆ ಇದು.

ಬೊಮ್ಮಾಯಿಯವರ ತಾರುಣ್ಯದಲ್ಲಿ ಇಲ್ಲಿ ಧೈರ್ಯ ಅಂದರೆ ಪೊಲೀಸರ ಗುಂಡಿಗೆ ಎದೆಯೊಡ್ಡುವುದು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಗಾಂಧೀಜಿಯ ದಂಡಿಯಾತ್ರೆಯಲ್ಲಿ ನಡೆದವರು. ಆ ತಂಡದಲ್ಲಿದ್ದ ಏಕೈಕ ಕನ್ನಡಿಗರು. 1943ರ ಏಪ್ರಿಲ್ 1ರಂದು ವರದಾ ತೀರದ ಹೊಸರಿತ್ತಿಯಲ್ಲಿ ಕಂದಾಯ ವಸೂಲಿ ಕೇಂದ್ರದ ಮೇಲೆ ನಡೆದ ದಾಳಿಯಲ್ಲಿ ಅವರು ಗುಂಡೇಟಿಗೆ ಬಲಿಯಾದರು. ಜೊತೆಗಿದ್ದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಉಳಿಯಲಿಲ್ಲ. ಅದೇ ಹೊಸರಿತ್ತಿಯ ಗುದ್ಲೆಪ್ಪ ಹಳ್ಳಿಕೇರಿ ಚಲೇಜಾವ್ ಚಳವಳಿಯ ಮುಂದಾಳು. ಸ್ವಾತಂತ್ರ್ಯದ ನಂತರ ಅವರು ವಿಧಾನ ಪರಿಷತ್ತಿನ ಸಭಾಪತಿಯ ಪೀಠದಲ್ಲಿ ಕುಳಿತರು. ಹೊಸರಿತ್ತಿಯ ದಾಳಿ ನಡೆದಾಗ ಬೊಮ್ಮಾಯಿಯವರಿಗೆ ಹದಿನೆಂಟು ವರ್ಷ. ಚಳವಳಿಯ ಕಾವು ಅವರಿಗೂ ತಟ್ಟಿತ್ತು. ಆದರೆ ಅವರ ಪಾಲಿಗೆ ಬಂದ ಹೋರಾಟದ ಬಗೆ ಬೇರೆಯಾಗಿತ್ತು. ಮಹಾದೇವಪ್ಪನವರ ತಲೆಮಾರು ಪ್ರಾಣಕೊಟ್ಟು ಗಳಿಸಿದ ಮತದ ಹಕ್ಕನ್ನು ಸ್ವತಂತ್ರ ದೇಶದ ಅಧಿಕಾರಸ್ಥರಿಂದಲೇ ಕಾಪಾಡಿಕೊಳ್ಳುವ ಕೆಲಸ ಅದು.

ವಕೀಲಿ ಓದಿದ ಬೊಮ್ಮಾಯಿ ಹುಬ್ಬಳ್ಳಿಯಲ್ಲಿ ನೆಲೆನಿಂತರು. ಕರ್ನಾಟಕ ಏಕೀಕರಣದ ಹೋರಾಟದಲ್ಲಿ ದುಡಿದರು. ಅವರ ವಿಚಾರವನ್ನು ರೂಪಿಸಿದವರು ಎಂ.ಎನ್. ರಾಯ್. ಕಮ್ಯುನಿಸ್ಟ್ ಚಳವಳಿಯಿಂದ ಹೊರಬಂದು ನವಮಾನವತಾವಾದವನ್ನು ಮಂಡಿಸಿದ ರಾಯ್ ಅವರಿಗೆ ಎಲ್ಲದರ ಅಳತೆಗೋಲು ವ್ಯಕ್ತಿಯ ಸ್ವಾತಂತ್ರ್ಯ. ದೇಶ, ವರ್ಗ, ಪಕ್ಷ ಯಾವುದರ ಹೆಸರಿನಲ್ಲೂ ಅದನ್ನು ಒತ್ತೆಯಿಡಬಾರದು, ಅಧಿಕಾರ ಮೇಲಿನ ಕೆಲವರ ಕೈಗೆ ಸೇರದೆ ಕೆಳಗೆ ಜನರ ಕೈಯಲ್ಲಿ ಹಂಚಿರಬೇಕು ಎಂಬುದು ಅವರ ವಾದ. ಈ ವಾದವನ್ನು ಕೊನೆಮುಟ್ಟಿಸಲು ರಾಯ್ 1948ರಲ್ಲಿ ತಮ್ಮ ಪಕ್ಷವನ್ನೇ ವಿಸರ್ಜಿಸಿದರು. ಬೊಮ್ಮಾಯಿ ಆ ಹೆಜ್ಜೆಯಲ್ಲಿ ಹೆಜ್ಜೆಯಿಡಲಿಲ್ಲ. ಪಕ್ಷ ರಾಜಕಾರಣದ ಒಳಗಿದ್ದೇ ಕೆಲಸ ಮಾಡುವ ದಾರಿ ಹಿಡಿದು, ಹುಬ್ಬಳ್ಳಿ ಗ್ರಾಮಾಂತರ ಕ್ಷೇತ್ರದಿಂದ ಹಲವು ಬಾರಿ ವಿಧಾನಸಭೆಗೆ ಆರಿಸಿಬಂದರು. ವಿರೋಧ ಪಕ್ಷದ ನಾಯಕರಾಗಿ, ಆಮೇಲೆ ರಾಮಕೃಷ್ಣ ಹೆಗಡೆ ಮಂತ್ರಿಮಂಡಲದಲ್ಲಿ ಕೈಗಾರಿಕಾ ಸಚಿವರಾಗಿ ದುಡಿದರು. ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ ಹೆಗಡೆ ರಾಜೀನಾಮೆ ಕೊಟ್ಟ ಮೇಲೆ, 1988ರ ಆಗಸ್ಟ್ 13ರಂದು ಮುಖ್ಯಮಂತ್ರಿಯಾದರು.

ಆ ಹೊತ್ತಿಗೆ ಸಂವಿಧಾನದ 356ನೇ ವಿಧಿ ರಾಜ್ಯಗಳ ತಲೆಯ ಮೇಲೆ ತೂಗುವ ಕತ್ತಿಯಾಗಿತ್ತು. ರಾಜ್ಯದಲ್ಲಿ ಸಂವಿಧಾನಬದ್ಧ ಆಡಳಿತ ಮುರಿದುಬಿದ್ದಾಗ ಮಾತ್ರ ರಾಷ್ಟ್ರಪತಿ ಆಳ್ವಿಕೆ ಹೇರಲು ಇಟ್ಟ ವಿಧಿ ಅದು. ಅದನ್ನು ಬಳಸುವ ಪ್ರಸಂಗವೇ ಬಾರದಿರಲಿ ಎಂಬ ಆಶಯವನ್ನು ಅಂಬೇಡ್ಕರ್ 1949ರ ಆಗಸ್ಟಿನಲ್ಲಿ ಸಂವಿಧಾನ ಸಭೆಯಲ್ಲೇ ತೋಡಿಕೊಂಡಿದ್ದರು. ಆದರೆ 1951ರಲ್ಲಿ ಪಂಜಾಬಿನಿಂದ ಶುರುವಾಗಿ 1994ರ ತೀರ್ಪಿನ ಹೊತ್ತಿಗೆ ಅದು ತೊಂಬತ್ತಕ್ಕೂ ಹೆಚ್ಚು ಬಾರಿ ಬಳಕೆಯಾಗಿತ್ತು. 1959ರಲ್ಲಿ ಕೇರಳದ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರ ಬಹುಮತ ಇದ್ದೂ ಹೋಯಿತು. 1977ರಲ್ಲಿ ಜನತಾ ಪಕ್ಷ ಕೇಂದ್ರದಲ್ಲಿ ಗೆದ್ದು ಒಂಬತ್ತು ಕಾಂಗ್ರೆಸ್ ರಾಜ್ಯ ಸರ್ಕಾರಗಳನ್ನು ಕಿತ್ತುಹಾಕಿತು. 1980ರಲ್ಲಿ ಇಂದಿರಾ ಗಾಂಧಿ ಮರಳಿ ಬಂದು ಅಷ್ಟೇ ಸರ್ಕಾರಗಳನ್ನು ಕಿತ್ತುಹಾಕಿ ಲೆಕ್ಕ ಚುಕ್ತಾ ಮಾಡಿದರು. ಕರ್ನಾಟಕದಲ್ಲಿ 1977ರ ಡಿಸೆಂಬರ್ 31ರಂದು ದೇವರಾಜ ಅರಸು ಸರ್ಕಾರವನ್ನು ವಜಾ ಮಾಡಿದ್ದೂ ಜನತಾ ಸರ್ಕಾರವೇ. ಬೊಮ್ಮಾಯಿಯವರಿಗೆ ಹನ್ನೊಂದು ವರ್ಷದ ನಂತರ ಆದ ಅನ್ಯಾಯದಲ್ಲಿ ಅವರದೇ ಪಕ್ಷದ ಪರಂಪರೆಯ ಪಾಲೂ ಇತ್ತು. ಅದನ್ನು ಮರೆಮಾಚಿ ಈ ಚರಿತ್ರೆ ಬರೆಯಲಾಗದು.

ತಿದ್ದುವ ಮಾತುಗಳೂ ಕೇಳಿಬಂದಿದ್ದವು. ಭಗವಾನ್ ಸಹಾಯ್ ನೇತೃತ್ವದ ರಾಜ್ಯಪಾಲರ ಸಮಿತಿ 1970ರ ದಶಕದ ಆರಂಭದಲ್ಲೇ ಬಹುಮತದ ಪರೀಕ್ಷೆ ಸದನದಲ್ಲಿ ಆಗಲಿ ಎಂದಿತ್ತು. ಕೇಂದ್ರ–ರಾಜ್ಯ ಸಂಬಂಧಗಳನ್ನು ಪರಿಶೀಲಿಸಿದ ಸರ್ಕಾರಿಯಾ ಆಯೋಗದ ಮಾತೂ ಅದೇ. ಎರಡೂ ಸಲಹೆಗಳಾಗಿಯೇ ಉಳಿದವು.

1989ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ದಿನದಿನಕ್ಕೂ ನೋಡಬೇಕು. ಜನತಾ ಪಕ್ಷ ಮತ್ತು ಲೋಕದಳ ಸೇರಿ ಜನತಾದಳ ಹುಟ್ಟಿತ್ತು. ಹೊಸ ಪಕ್ಷದ ಒಳಗಿನ ಅಸಮಾಧಾನ ತಣಿಸಲು ಬೊಮ್ಮಾಯಿ ಏಪ್ರಿಲ್ 15ರಂದು 13 ಮಂದಿಯನ್ನು ಮಂತ್ರಿಗಳನ್ನಾಗಿ ಸೇರಿಸಿಕೊಂಡರು. ಎರಡೇ ದಿನದಲ್ಲಿ ಅದು ತಿರುಗುಬಾಣವಾಯಿತು. ಶಾಸಕ ಕಲ್ಯಾಣರಾವ್ ಮೊಳಕೇರಿ ರಾಜಭವನಕ್ಕೆ ಹೋಗಿ, ಸರ್ಕಾರಕ್ಕೆ ಕೊಟ್ಟ ಬೆಂಬಲ ವಾಪಸು ಪಡೆದಿರುವುದಾಗಿ ಹೇಳುವ 19 ಶಾಸಕರ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈಗಿತ್ತರು. ಏಪ್ರಿಲ್ 19ರಂದು ರಾಜ್ಯಪಾಲರ ವರದಿ ದೆಹಲಿಗೆ ಹೋಯಿತು. ಆ ಶಾಸಕರನ್ನು ಒಬ್ಬೊಬ್ಬರಾಗಿ ಕರೆದು ಕೇಳುವ, ಮುಖ್ಯಮಂತ್ರಿಯನ್ನು ವಿಚಾರಿಸುವ ಗೋಜಿಗೆ ರಾಜಭವನ ಹೋಗಲಿಲ್ಲ. ಮರುದಿನ 19ರಲ್ಲಿ 7 ಮಂದಿ ಉಲ್ಟಾ ಹೊಡೆದರು. ತಪ್ಪು ಹೇಳಿ ತಮ್ಮ ಸಹಿ ಪಡೆಯಲಾಗಿದೆ, ಬೆಂಬಲ ಸರ್ಕಾರಕ್ಕೇ ಎಂದು ಬರೆದುಕೊಟ್ಟರು. ಅದೇ ದಿನ ಬೊಮ್ಮಾಯಿ ಕಾನೂನು ಮಂತ್ರಿಯನ್ನು ಕರೆದುಕೊಂಡು ರಾಜ್ಯಪಾಲರನ್ನು ಕಂಡರು. ಅಧಿವೇಶನ ಆಗಲೇ ಗೊತ್ತಾಗಿದೆ, ಬೇಕಿದ್ದರೆ ಇನ್ನೂ ಮೊದಲೇ ಕರೆಯುತ್ತೇವೆ, ಸದನದಲ್ಲಿ ಬಹುಮತ ತೋರಿಸುತ್ತೇವೆ ಎಂಬುದು ಅವರ ಕೋರಿಕೆ. ರಾಷ್ಟ್ರಪತಿಗೂ ಟೆಲೆಕ್ಸ್ ಹೋಯಿತು. ರಾಜ್ಯಪಾಲರು ಕಳಿಸಿದ್ದು ಮಾತ್ರ ಇನ್ನೊಂದು ವರದಿ: ಮುಖ್ಯಮಂತ್ರಿ ವಿಶ್ವಾಸ ಕಳೆದುಕೊಂಡಿದ್ದಾರೆ. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಯಾಯಿತು. ಆಯುಷ್ಯ ಮುಗಿಯಲು ಇನ್ನೂ ಹತ್ತಿರಹತ್ತಿರ ಒಂದು ವರ್ಷ ಇದ್ದ ಸದನ ಅದು.

ಬೊಮ್ಮಾಯಿ ಗೆಲ್ಲುತ್ತಿದ್ದರೋ ಸೋಲುತ್ತಿದ್ದರೋ ಎಂಬುದು ಇಲ್ಲಿ ಎರಡನೆಯ ಮಾತು. ಸೋಲುವುದಾದರೂ ಸದನದಲ್ಲಿ, ಜನ ನೋಡುತ್ತಿರುವಾಗ ಸೋಲುತ್ತೇನೆ ಎಂಬ ಅವರ ಪಟ್ಟಿಗೆ ಬೆಲೆ ಇದೆ. ಮುಚ್ಚಿದ ಕೋಣೆಯಲ್ಲಿ ಕೊಟ್ಟ ಪತ್ರದ ಸಹಿ ರಾತ್ರೋರಾತ್ರಿ ಬದಲಾಗಬಲ್ಲದು. ಸದನದಲ್ಲಿ ಕೊಟ್ಟ ಮತಕ್ಕೆ ಶಾಸಕ ತನ್ನ ಕ್ಷೇತ್ರದ ಜನರಿಗೆ ಉತ್ತರ ಹೇಳಬೇಕಾಗುತ್ತದೆ.

ಏಪ್ರಿಲ್ 26ರಂದು ಅವರು ಹೈಕೋರ್ಟಿಗೆ ಹೋದರು. ಗೆಲುವಿನ ಭರವಸೆ ಕಡಿಮೆ: ಜನತಾ ಸರ್ಕಾರ ಒಂಬತ್ತು ರಾಜ್ಯಗಳ ಮೇಲೆ ಕೈಹಾಕಿದಾಗ ಹುಟ್ಟಿದ ರಾಜಸ್ಥಾನ ಮೊಕದ್ದಮೆಯಲ್ಲಿ 1977ರಲ್ಲಿ ಸುಪ್ರೀಂ ಕೋರ್ಟು ಇಂಥ ವಿಷಯದಲ್ಲಿ ನ್ಯಾಯಾಲಯದ ಬಾಗಿಲನ್ನು ಸ್ವಲ್ಪವೇ ತೆರೆದಿಟ್ಟಿತ್ತು. ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅರ್ಜಿಯನ್ನು ವಜಾ ಮಾಡಿತು. ಸದನದ ಪರೀಕ್ಷೆ ಕಡ್ಡಾಯವಲ್ಲ ಎಂದಿತು. 1989ರ ಕೊನೆಯಲ್ಲಿ ಚುನಾವಣೆ ನಡೆದು ಕಾಂಗ್ರೆಸ್ ಗೆದ್ದಿತು, ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಅಲ್ಲಿಗೆ ಬೊಮ್ಮಾಯಿಯವರಿಗೆ ಮೊಕದ್ದಮೆಯಿಂದ ಸಿಗುವ ಸ್ವಂತ ಲಾಭ ಏನೂ ಉಳಿಯಲಿಲ್ಲ. ಆದರೂ ಸುಪ್ರೀಂ ಕೋರ್ಟಿನಲ್ಲಿ ಅದು ಮುಂದುವರಿಯಿತು. ಸಾರ್ವಜನಿಕ ಸೇವೆ ಎಂದರೆ ಹುದ್ದೆ ಎಂದು ತಿಳಿದವರಿಗೆ ಈ ಐದು ವರ್ಷದ ಕಾಯುವಿಕೆ ಅರ್ಥವಾಗುವುದು ಕಷ್ಟ. ವಕೀಲನೊಬ್ಬ ರಾಜಕಾರಣಿಯಾದಾಗ ಸಾಧ್ಯವಾಗುವ ಒಳ್ಳೆಯ ಕೆಲಸ ಯಾವುದು ಎಂಬುದನ್ನು ಈ ಹಟ ತೋರಿಸಿತು.

ಕರ್ನಾಟಕದ ಜೊತೆಗೆ ನಾಗಾಲ್ಯಾಂಡ್, ಮೇಘಾಲಯ, ಮತ್ತು ಬಾಬರಿ ಮಸೀದಿ ಧ್ವಂಸದ ನಂತರ ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶ ಸರ್ಕಾರಗಳ ಪ್ರಕರಣಗಳನ್ನೂ ಪೀಠ ಒಟ್ಟಿಗೆ ಕೇಳಿತು. ಮೊದಲ ಮೂರು ರಾಜ್ಯಗಳ ಘೋಷಣೆ ಅಸಾಂವಿಧಾನಿಕ, ಕೊನೆಯ ಮೂರರದು ಊರ್ಜಿತ ಎಂದು ತೀರ್ಪಾಯಿತು. ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು ಎಂಬ ಮಾತು ಈ ತೀರ್ಪಿನಲ್ಲಿ ಗಟ್ಟಿಯಾಯಿತು. ರಾಷ್ಟ್ರಪತಿಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಮಂತ್ರಿಮಂಡಲ ಕೊಟ್ಟ ಸಲಹೆಯನ್ನು ಕೆದಕುವಂತಿಲ್ಲವಾದರೂ ಅದಕ್ಕೆ ಆಧಾರವಾದ ದಾಖಲೆಗಳನ್ನು ತರಿಸಿ ನೋಡಬಹುದು. ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆಯನ್ನು ಅಮಾನತಿನಲ್ಲಿಡಬಹುದೇ ಹೊರತು ವಿಸರ್ಜಿಸುವಂತಿಲ್ಲ. ಘೋಷಣೆ ತಪ್ಪೆಂದಾದರೆ ವಜಾ ಆದ ಸರ್ಕಾರವನ್ನು ಮತ್ತೆ ಕೂರಿಸಬಹುದು. ಮತ್ತು ಬಹುಮತದ ಪ್ರಶ್ನೆ ಎದ್ದಾಗ ಅದನ್ನು ಪರೀಕ್ಷಿಸುವ ಜಾಗ ಸದನ. ಹಿಂಸಾಚಾರ ಭುಗಿಲೆದ್ದು ಮುಕ್ತ ಮತದಾನ ಸಾಧ್ಯವೇ ಇಲ್ಲದಂಥ ಸ್ಥಿತಿ ಮಾತ್ರ ಇದಕ್ಕೆ ಹೊರತು.

ಬೊಮ್ಮಾಯಿ ಆಗ ಜನತಾದಳದ ರಾಷ್ಟ್ರೀಯ ಅಧ್ಯಕ್ಷರು. 1996ರಿಂದ 1998ರ ವರೆಗೆ ಎಚ್.ಡಿ. ದೇವೇಗೌಡ ಮತ್ತು ಐ.ಕೆ. ಗುಜ್ರಾಲ್ ಸರ್ಕಾರಗಳಲ್ಲಿ ಮಾನವ ಸಂಪನ್ಮೂಲ ಸಚಿವರಾಗಿದ್ದರು. ತೀರಿಕೊಂಡದ್ದು 2007ರ ಅಕ್ಟೋಬರ್ 10ರಂದು, ಬೆಂಗಳೂರಿನಲ್ಲಿ. ಮೈತ್ರಿ ಸರ್ಕಾರ ಮುರಿದುಬಿದ್ದು ಹಿಂದಿನ ದಿನವಷ್ಟೇ ಕರ್ನಾಟಕಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂದಿತ್ತು. ಈ ಬಾರಿ ಸದನ ಅಮಾನತಿನಲ್ಲಿತ್ತು, ಆದ್ದರಿಂದಲೇ ನವೆಂಬರಿನಲ್ಲಿ ಅದೇ ಸದನದಿಂದ ಇನ್ನೊಂದು ಸರ್ಕಾರ, ಕೆಲವೇ ದಿನಕ್ಕಾದರೂ, ಹುಟ್ಟಲು ಸಾಧ್ಯವಾಯಿತು.

ತೀರ್ಪಿನ ನಂತರ 356ನೇ ವಿಧಿಯ ಬಳಕೆ ಗಣನೀಯವಾಗಿ ಇಳಿಯಿತು. ಉತ್ತರಾಖಂಡದಲ್ಲಿ 2016ರಲ್ಲಿ ಹರೀಶ್ ರಾವತ್ ಸರ್ಕಾರ ಹೋದಾಗ ಸುಪ್ರೀಂ ಕೋರ್ಟು ಮೇ 10ರಂದು ಸದನದಲ್ಲಿ ಮತ ಹಾಕಿಸಿತು. ಸರ್ಕಾರ ಗೆದ್ದು ಮರಳಿತು. ಕರ್ನಾಟಕದಲ್ಲಿ 2018ರ ಮೇ ತಿಂಗಳಲ್ಲಿ ಬಿ.ಎಸ್. ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ರಾಜ್ಯಪಾಲರು ಕೊಟ್ಟಿದ್ದ ಹದಿನೈದು ದಿನದ ಗಡುವನ್ನು ಕೋರ್ಟು ಮೊಟಕುಗೊಳಿಸಿತು. ಮೇ 19ರಂದು ಮತಕ್ಕೆ ಮೊದಲೇ ಅವರು ರಾಜೀನಾಮೆ ಕೊಟ್ಟರು. ಮರುವರ್ಷ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ ದಿನಗಟ್ಟಲೆ ಚರ್ಚೆಯ ನಂತರ 99–105 ಮತಗಳಿಂದ ಬಿತ್ತು. ಶಾಸಕರನ್ನು ರೆಸಾರ್ಟಿನಲ್ಲಿ ಕೂಡಿಹಾಕುವ, ರಾಜೀನಾಮೆ ಕೊಡಿಸಿ ಸಂಖ್ಯೆ ಇಳಿಸುವ ಚಾಳಿಗೆ ಬೊಮ್ಮಾಯಿ ತೀರ್ಪಿನಲ್ಲಿ ಮದ್ದಿಲ್ಲ. ಅದು ಇನ್ನೂ ಬಗೆಹರಿಯದ ಕೇಡು. ಆದರೂ ಅಂದು ರಾತ್ರಿ ಯಾರು ಯಾವ ಕಡೆ ಎದ್ದು ನಿಂತರು, ಯಾರು ಸದನಕ್ಕೆ ಬರಲೇ ಇಲ್ಲ ಎಂಬುದನ್ನು ನಾಡಿನ ಜನ ಟಿ.ವಿ.ಯಲ್ಲಿ ನೇರವಾಗಿ ನೋಡಿದರು.