ಕಲ್ಲು ಹೊತ್ತ ದಾರಿ: ಎಲಾನ್ ಕಣಿವೆಯ ನೀರು ಮತ್ತು ಸೈಕಲ್ ಹಾದಿ

2022ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟು ಪೊವಾಯಿ ಕೆರೆಯ ದಂಡೆಯಲ್ಲಿ ಮಹಾನಗರಪಾಲಿಕೆ ಕಟ್ಟಲು ತೊಡಗಿದ್ದ ಸೈಕಲ್ ಪಥವನ್ನು ಕಾನೂನುಬಾಹಿರವೆಂದು ಸಾರಿತು. ಸುರಿದ ಕಲ್ಲನ್ನು ತೆಗೆದು ಜಾಗವನ್ನು ಮೊದಲಿನಂತೆ ಮಾಡಬೇಕೆಂದು ಆದೇಶಿಸಿತು. ಈ ನಗರದಲ್ಲಿರುವ ಕನ್ನಡಿಗರಾದ ನಮ್ಮೊಳಗೆ ಆಗ ಎರಡು ಬಗೆಯ ಮಾತು ನಡೆದವು. ಕೆರೆಯ ಒಡಲಿಗೆ ಕಲ್ಲು ತುಂಬುವುದು ತಪ್ಪೇ ಸರಿ ಎಂದವರು ಕೆಲವರು. ಮೋಟಾರುಗಳ ಕಾಟವಿಲ್ಲದೆ, ನೀರನ್ನು ಒಂದು ಮಗ್ಗುಲಿಗೆ ಇಟ್ಟುಕೊಂಡು ಸೈಕಲ್ ತುಳಿಯುವ ಆಸೆಯೂ ತಪ್ಪೇ ಎಂದು ಕೇಳಿದವರು ಇನ್ನು ಕೆಲವರು. ಆಸೆ ತಪ್ಪಲ್ಲವೆಂದೇ ನಮ್ಮ ಎಣಿಕೆ. ಆದರೆ ಅಂಥ ಹಾದಿಗಳು ಲೋಕದಲ್ಲಿ ಹೇಗೆ ಹುಟ್ಟಿಕೊಂಡಿವೆ ಎಂಬುದನ್ನು ಒಂದು ನಿದರ್ಶನದಿಂದಾದರೂ ತಿಳಿಯಬೇಕೆನ್ನಿಸಿ, ಬ್ರಿಟನ್ನಿನ ವೇಲ್ಸ್ ಪ್ರಾಂತದ ಎಲಾನ್ ಕಣಿವೆಯ ಚರಿತ್ರೆಯನ್ನು ಹಿಡಿದು ಕುಳಿತೆವು.

ರೇಡರ್ ಎಂಬ ಸಣ್ಣ ಪೇಟೆಯ ಪಶ್ಚಿಮದ ಅಂಚಿನಿಂದ ಕ್ರೇಗ್ ಗೋಖ್ ಅಣೆಕಟ್ಟಿನವರೆಗೆ ಸುಮಾರು 9 ಮೈಲಿಗಳ ಹಾದಿಯೊಂದು ಅಲ್ಲಿದೆ. ಕೆಲವೆಡೆ ಡಾಂಬರು, ಉಳಿದೆಡೆ ಒತ್ತಿ ಕೂರಿಸಿದ ಜಲ್ಲಿ. ಇಂಥ ನೆಲಕ್ಕೆಂದೇ ತಯಾರಾದ ದಪ್ಪ ಟಯರಿನ ಗಾಡಿಯನ್ನು ಅಲ್ಲಿಯವರು ಗ್ರ್ಯಾವೆಲ್ ಬೈಕ್ ಎನ್ನುತ್ತಾರೆ. ನಮ್ಮ ಬಾಯಲ್ಲಿ ಬೈಕ್ ಎಂದರೆ ಪೆಟ್ರೋಲು ಕುಡಿಯುವ ವಾಹನವಾದ್ದರಿಂದ ನಾವು ಸೈಕಲ್ ಎಂದೇ ಬರೆಯುತ್ತೇವೆ. ಬೆಟ್ಟಗಳ ನಡುವಿನ ದಾರಿಯಾದರೂ ಏರು ಬಹಳ ಸೌಮ್ಯವಾದುದು. ಮಕ್ಕಳೂ ಮುದುಕರೂ ಏದುಸಿರಿಲ್ಲದೆ ಸಾಗಬಹುದು. ಈ ಸೌಮ್ಯತೆ ಸೈಕಲ್ಲಿನವರ ಮೇಲಿನ ಕರುಣೆಯಿಂದ ಬಂದುದಲ್ಲ. ಇದು ಒಂದು ಕಾಲದ ರೈಲು ಹಾದಿ. ಕಲ್ಲು ಹೇರಿಕೊಂಡ ಉಗಿಬಂಡಿಗೆ ಕಡಿದಾದ ಏರು ಹತ್ತಲಾಗದು.

ರೈಲು ಏಕೆ ಬಂತೆಂದರೆ ಬರ್ಮಿಂಗ್‌ಹ್ಯಾಮ್ ನಗರಕ್ಕೆ ನೀರಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಕಾರ್ಖಾನೆಗಳ ಊರು ಬೆಳೆದ ವೇಗಕ್ಕೆ ಬಾವಿಗಳೂ ಹೊಳೆಗಳೂ ಸಾಲದಾದವು. ಇದ್ದ ನೀರು ಕೆಟ್ಟು ವಿಷಮಜ್ವರ, ಕಾಲರಾಗಳು ಮರಳಿ ಮರಳಿ ಬಂದವು. ನಗರಸಭೆಯ ಕಣ್ಣು ದೂರದ ಎಲಾನ್ ಮತ್ತು ಕ್ಲೇರ್‌ವೆನ್ ಕಣಿವೆಗಳ ಮೇಲೆ ಬಿತ್ತು. ಅಲ್ಲಿ ವರ್ಷಕ್ಕೆ ಸುಮಾರು 1,830 ಮಿಲಿಮೀಟರ್ ಮಳೆ. ನೀರು ಸೋರದ ಬಂಡೆಯ ತಳ, ಅಣೆಕಟ್ಟಿಗೆ ಹೇಳಿ ಮಾಡಿಸಿದಂಥ ಇಕ್ಕಟ್ಟಾದ ಕಣಿವೆ. ಎಲ್ಲಕ್ಕಿಂತ ಮಿಗಿಲಾಗಿ, ಆ ಜಾಗ ಬರ್ಮಿಂಗ್‌ಹ್ಯಾಮಿಗಿಂತ ಎತ್ತರದಲ್ಲಿತ್ತು. ಎಂಜಿನಿಯರ್ ಜೇಮ್ಸ್ ಮ್ಯಾನ್ಸರ್ಗ್ ಈ ಎತ್ತರವನ್ನೇ ಬಂಡವಾಳ ಮಾಡಿಕೊಂಡ. ಪಂಪಿನ ಹಂಗಿಲ್ಲದೆ, 73 ಮೈಲಿಗಳ ಕಾಲುವೆ ಮತ್ತು ಕೊಳವೆಗಳಲ್ಲಿ, ಸುಮಾರು 52 ಮೀಟರುಗಳ ಇಳಿತವೊಂದನ್ನೇ ನಂಬಿ ನೀರು ಹರಿಯುತ್ತದೆ. ನಗರವನ್ನು ಮುಟ್ಟಲು ಒಂದೂವರೆ ದಿನ ಬೇಕು. ಇದಕ್ಕೆಲ್ಲ ಅನುಮತಿ ನೀಡಿದ ಕಾಯ್ದೆ ಪಾರ್ಲಿಮೆಂಟಿನಲ್ಲಿ ಅಂಗೀಕಾರವಾದದ್ದು 1892ರಲ್ಲಿ. ಅದೇ ವರ್ಷ ತಾನ್ಸಾ ಜಲಾಶಯದ ನೀರು ಮುಂಬಯಿಗೆ ಬಂತು, ಅದೂ ಹೀಗೆಯೇ ಇಳಿಜಾರನ್ನು ನಂಬಿಕೊಂಡು. ಇಂದಿಗೂ ನಮ್ಮ ನಲ್ಲಿಗಳಿಗೆ ನೀರುಣಿಸುವ ಏಳು ಜಲಾಶಯಗಳಲ್ಲಿ ತಾನ್ಸಾ ಒಂದು.

1893ರಲ್ಲಿ ಕೆಲಸ ಮೊದಲಾಯಿತು. ನಗರಸಭೆ ತನ್ನದೇ ರೈಲು ಮಾರ್ಗವನ್ನು ಹಾಕಿಸಿತು. ಕವಲುಗಳೆಲ್ಲ ಸೇರಿ 33 ಮೈಲಿ ಹಳಿ. ದಿನಕ್ಕೆ ಸುಮಾರು ಸಾವಿರ ಟನ್ ಸಾಮಗ್ರಿ. ಸ್ಥಳೀಯ ಕಲ್ಲು ಅಣೆಕಟ್ಟಿನ ಒಡಲಿಗೆ ಸಾಕಾದರೂ ಹೊರಮೈಗೆ ಒಪ್ಪುವಂತಿರಲಿಲ್ಲ. ಆ ಕಲ್ಲು ಬಿಲ್ತ್ ಬಳಿಯ ಗಣಿಯಿಂದ ಇದೇ ಹಳಿಗಳ ಮೇಲೆ ಬಂತು. ಕೆಲಸ ಮುಗಿದು ಕೆಲವೇ ವರ್ಷಗಳಲ್ಲಿ ಹಳಿಗಳನ್ನು ಕಿತ್ತರು. ಕಿತ್ತ ಮೇಲೆ ಉಳಿದ ಮಟ್ಟಸವಾದ ಪಾತಳಿಯೇ ಇಂದಿನ ಸೈಕಲ್ ಹಾದಿಗೆ ಆಧಾರ. ದಂಡೆಯಲ್ಲಿ ಮೊದಲೇ ಇದ್ದ ದಾರಿಯನ್ನು ಮತ್ತೆ ಬಳಸಿದ್ದಷ್ಟೆ. ನೀರಿನೊಳಕ್ಕೆ ಕಲ್ಲು ಸುರಿದು ಹೊಸ ದಂಡೆ ಮಾಡಬೇಕಾಗಲಿಲ್ಲ.

ಆ ಕಲ್ಲನ್ನು ಹೊತ್ತವರ ಬದುಕು ಹೇಗಿತ್ತು? ಒಟ್ಟು ಅವಧಿಯಲ್ಲಿ ಐವತ್ತು ಸಾವಿರ ಕೂಲಿಗಳು ಬಂದುಹೋದರೆಂದು ಲೆಕ್ಕ. ಅವರಿಗಾಗಿ ಹೊಳೆಯ ಆಚೆ ಮರದ ಮನೆಗಳ ಊರೊಂದು ಎದ್ದಿತು. ಹೊಸದಾಗಿ ಬಂದವನನ್ನು ನೇರವಾಗಿ ಊರೊಳಗೆ ಬಿಡುತ್ತಿರಲಿಲ್ಲ. ಮೊದಲ ರಾತ್ರಿ ಹೊಳೆಯ ಈಚೆಗಿನ ತಂಗುಮನೆಯಲ್ಲಿ ಕಳೆಯಬೇಕು. ಮೈ ತೊಳೆಸಿ, ಹೇನು ತೆಗೆಸಿ, ಅಂಟುರೋಗವಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಸೇತುವೆ ದಾಟಲು ಅಪ್ಪಣೆ. ಕದ್ದು ತರುವ ಮದ್ಯವನ್ನು ಹಿಡಿಯಲು ಸೇತುವೆಯ ಮೇಲೆ ಕಾವಲುಗಾರ. ಮದುವೆಯಾಗದ ಎಂಟು ಮಂದಿ ಗಂಡಸರು ಒಬ್ಬ ದಂಪತಿಯೊಂದಿಗೆ ಒಂದು ಮನೆಯಲ್ಲಿ ಇರಬೇಕು. ಸ್ನಾನಗೃಹಕ್ಕೆ ಗಂಡಸರು ವಾರಕ್ಕೆ ಮೂರು ಸಲ ಹೋಗಬಹುದಿತ್ತು, ಹೆಂಗಸರು ಒಂದೇ ಸಲ! ಆಸ್ಪತ್ರೆ, ವಾಚನಾಲಯ, ಜಲವಿದ್ಯುತ್ತಿನ ಬೀದಿದೀಪ ಎಲ್ಲವೂ ಇದ್ದವು. ಶಾಲೆಯೂ ಇತ್ತು, ಆದರೆ ಹನ್ನೊಂದು ವರ್ಷದವರೆಗೆ ಮಾತ್ರ. ಆಮೇಲೆ ಮಕ್ಕಳು ದುಡಿಯಬೇಕೆಂದೇ ನಿರೀಕ್ಷೆ. ಆ ಕಾಲಕ್ಕೆ ಇದನ್ನು ಮಾದರಿ ಗ್ರಾಮವೆಂದು ಹೊಗಳಿದವರಿದ್ದರು, ಬೇರೆ ಕಾಮಗಾರಿಗಳ ಜೋಪಡಿಗಳ ಮುಂದೆ ಅದು ಸುಳ್ಳೂ ಅಲ್ಲ. ನಗರಕ್ಕೆ ಹೋಗುವ ನೀರು ಕೆಡಬಾರದೆಂಬ ಆತಂಕವೂ ಈ ಶಿಸ್ತಿನ ಹಿಂದೆ ಇದ್ದಿರಬೇಕೆಂದು ನಮಗೆ ತೋರುತ್ತದೆ.

ಇನ್ನು, ಮೊದಲೇ ಅಲ್ಲಿದ್ದವರ ಮಾತು. ಸುಮಾರು ನೂರು ಜನ ಎದ್ದು ಹೋಗಬೇಕಾಯಿತು. 18 ಹೊಲಮನೆಗಳು, ಮೂರು ಬಂಗಲೆಗಳು, ಒಂದು ಶಾಲೆ, ಒಂದು ಚರ್ಚು ನೀರಿನಡಿಗೆ ಹೋದವು. ಚರ್ಚಿಗೆ ಬದಲಾಗಿ ನಗರಸಭೆ ಹೊಸ ಚರ್ಚನ್ನು ಕಟ್ಟಿಸಿಕೊಟ್ಟಿತು. ಪರಿಹಾರದ ಹಣ ಸಿಕ್ಕಿದ್ದು ಮಾತ್ರ ಭೂಮಾಲೀಕರಿಗೆ. ಗೇಣಿಗೆ ಉಳುತ್ತಿದ್ದವರಿಗೆ, ಆಳುಗಳಿಗೆ ಏನೂ ಇಲ್ಲ. ಮುಳುಗಿದ ಬಂಗಲೆಗಳ ಹೆಸರು ನಮಗೆ ಸುಲಭವಾಗಿ ದೊರೆಯುತ್ತದೆ, ಏಕೆಂದರೆ ಕವಿ ಶೆಲ್ಲಿ 1811ರಲ್ಲಿ ಕೂಮ್ ಎಲಾನ್ ಮನೆಯಲ್ಲಿಯೂ ಮರುವರ್ಷ ಹೆಂಡತಿ ಹ್ಯಾರಿಯೆಟ್ಟಳೊಂದಿಗೆ ನಾಂತ್‌ಗ್ವಿಲ್ತ್ ಮನೆಯಲ್ಲಿಯೂ ತಂಗಿದ್ದ. ಕಾಮಗಾರಿಯ ಎಂಜಿನಿಯರುಗಳಲ್ಲೊಬ್ಬನಾದ ಯೂಸ್ಟೇಸ್ ಟಿಕೆಲ್, ತಾನೇ ಮುಳುಗಿಸಲಿದ್ದ ಕಣಿವೆಯ ಚಿತ್ರಗಳನ್ನು ಬರೆದು 1894ರಲ್ಲಿ ಪುಸ್ತಕವಾಗಿ ಹೊರತಂದ. 1932ರಲ್ಲಿ ಫ್ರಾನ್ಸಿಸ್ ಬ್ರೆಟ್ ಯಂಗ್ ಇದೇ ವಸ್ತುವಿನ ಮೇಲೆ ಕಾದಂಬರಿ ಬರೆದ. ಶರಾವತಿಯ ಲಿಂಗನಮಕ್ಕಿಯನ್ನು ಕಂಡ ಮಲೆನಾಡಿನವರಿಗೆ ‘ಮುಳುಗಡೆ’ ಎಂಬ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ, ನಾ. ಡಿಸೋಜರ ಕಾದಂಬರಿಯೊಂದರ ಹೆಸರೇ ಅದು. ಕವಿಯೊಬ್ಬ ತಂಗದ ಹೊಲಮನೆಗಳ ಹೆಸರುಗಳನ್ನು ಈ ಕಣಿವೆಯ ಕಥೆ ಹೇಳುವವರು ಅಪರೂಪಕ್ಕೂ ಎತ್ತುವುದಿಲ್ಲ. ಅದು ನಮ್ಮನ್ನು ಬಹಳ ಕಾಡಿತು.

1892ರ ಅದೇ ಕಾಯ್ದೆಯಲ್ಲಿ ವಿಚಿತ್ರವಾದ ಇನ್ನೊಂದು ವಿಧಿಯಿದೆ. ಜಲಾನಯನದ ಗೋಮಾಳದ ಭೂಮಿಯಲ್ಲಿ ಗಾಳಿಸೇವನೆಗೂ ವ್ಯಾಯಾಮಕ್ಕೂ ಸಾರ್ವಜನಿಕರೆಲ್ಲರೂ ಸಂಚರಿಸಬಹುದೆಂಬ ಹಕ್ಕನ್ನು ಅದು ಬರೆದಿಟ್ಟಿತು. ಬ್ರಿಟನ್ನಿನ ಬೆಟ್ಟಗಳಲ್ಲಿ ತಿರುಗಾಡುವ ಹಕ್ಕಿಗಾಗಿ ಜನ ಹೋರಾಡುತ್ತಿದ್ದ ಕಾಲದಲ್ಲಿ ಇದು ದೊಡ್ಡ ಸಂಗತಿಯೇ. ನೀರು ಶುದ್ಧವಾಗಿರಲೆಂದು ನಗರಸಭೆ ಇಡೀ ಜಲಾನಯನವನ್ನೇ ಕೊಂಡಿತ್ತು. ಹೊಸ ಮನೆಗಳಿಗಾಗಲಿ ಕಾರ್ಖಾನೆಗಳಿಗಾಗಲಿ ಅಲ್ಲಿ ಅವಕಾಶವಿರಲಿಲ್ಲ. ಇಂದು ಸೈಕಲ್ ತುಳಿಯುವವರು ಅನುಭವಿಸುವ ಮೌನಕ್ಕೆ ಮೂಲ ಇದೇ. ಹೊರಗಿನವರೆಲ್ಲರಿಗೂ ಬರುವ ಹಕ್ಕನ್ನು ಕೊಟ್ಟ ಕಾಗದವೇ ಒಳಗಿದ್ದವರನ್ನು ಎಬ್ಬಿಸಿತು ಎಂಬುದನ್ನು ಮಾತ್ರ ನಾವು ಒಟ್ಟಿಗೇ ಓದಬೇಕಾಗುತ್ತದೆ.

1904ರ ಜುಲೈ 21ರಂದು ದೊರೆ ಏಳನೆಯ ಎಡ್ವರ್ಡ್ ಬಂದು ನೀರು ಬಿಟ್ಟ. ಮರದ ಊರು ಹೋಗಿ ಅದೇ ಜಾಗದಲ್ಲಿ, ಕಾಯಂ ನೌಕರರಿಗಾಗಿ, ಕಲ್ಲಿನ ಪುಟ್ಟ ಗ್ರಾಮ ಬಂತು. ಕೂಲಿಗಳ ಊರಿಗೆ ನೀರೊದಗಿಸಲೆಂದು ಬೆಟ್ಟದ ಹಳ್ಳವೊಂದಕ್ಕೆ ಕಟ್ಟಿದ್ದ ನಾಂತ್-ಎ-ಗ್ರೋ ಎಂಬ ಚಿಕ್ಕ ಒಡ್ಡು ಮಾತ್ರ ಯಾರಿಗೂ ಬೇಡವಾಗಿ ನಿಂತಿತ್ತು. 1942ರಲ್ಲಿ ಜರ್ಮನಿಯ ಅಣೆಕಟ್ಟುಗಳನ್ನು ಒಡೆಯುವ ಬಗೆಯನ್ನು ಹುಡುಕುತ್ತಿದ್ದ ಬಾರ್ನ್ಸ್ ವಾಲಿಸ್ ಮತ್ತು ಸಂಗಡಿಗರು ಅದರ ಮೇಲೆ ಸ್ಫೋಟಕವಿಟ್ಟು ಪ್ರಯೋಗ ಮಾಡಿದರು. ನಡುವೆ ಬಾಯಿಬಿಟ್ಟ ಆ ಗೋಡೆ ಈಗಲೂ ಹಾಗೆಯೇ ಇದೆ. ತೀರ ಬರಗಾಲ ಬಂದು ಜಲಾಶಯ ತಗ್ಗಿದಾಗ ನಾಂತ್‌ಗ್ವಿಲ್ತ್ ಮನೆಯ ತೋಟದ ಗೋಡೆಗಳೂ ಕೆಸರಿನಿಂದ ಮೇಲೇಳುತ್ತವೆ. ಆಗ ಅವನ್ನು ನೋಡಲು ಜನ ಬರುತ್ತಾರೆ, ಕೆಲವರು ಸೈಕಲ್ಲಿನಲ್ಲಿ, ಕಲ್ಲಿನ ರೈಲು ಓಡಿದ ಅದೇ ದಾರಿಯಲ್ಲಿ.